ತೋಳು ಹಿಡಿಯಬೇಕಾದ ಕೈ

ಇಂಜೆಕ್ಷನ್ ಹಾಕಿಸಿಕೊಂಡು ಬಂದ ನಮ್ಮವರು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಕಾಫಿ ಕೊಟ್ಟೆ. ಬಲಗೈ ಚಾಚಿದರು. ತೋಳು ಬಂತು, ಮೊಣಕೈ ಬಂತು, ಮಣಿಕಟ್ಟಿನಿಂದ ಮುಂದಿನದು ಬರಲಿಲ್ಲ. ತೊಳೆದು ಹಗ್ಗಕ್ಕೆ ಹಾಕಿದ ಅಂಗಿಯ ತೋಳಿನ ಹಾಗೆ ಜೋತು ಬಿದ್ದಿತ್ತು. ಬೆರಳು ಬಿಡಿಸಲು ನೋಡಿದರು. ಬಿಡಲಿಲ್ಲ. ಲೋಟ ಧೋತರದ ಮೇಲೆ ಮಗುಚಿತು.

ಸುಡುವ ಕಾಫಿ ತೊಡೆಯ ಮೇಲೆ ಬಿದ್ದರೂ ಅವರು ಹಾ ಅನ್ನಲಿಲ್ಲ. ಕೈಯನ್ನೇ ನೋಡುತ್ತಿದ್ದರು.

"ಇದು ಏಳವಲ್ದು" ಅಂದರು.

ಕೈ ಸತ್ತಿತ್ತು.

ಇದನ್ನು ಬರೆಯುತ್ತಿರುವವಳು ಅವರ ಹೆಂಡತಿ. ಎಂಟನೇ ತರಗತಿಯವರೆಗೆ ಓದಿದ್ದೇನೆ. ವೈದ್ಯಶಾಸ್ತ್ರ ನನಗೆ ತಿಳಿಯದು. ಆದರೆ ತಿಂಗಳುಗಟ್ಟಲೆ ಆ ಕೈಯನ್ನು ದಿನಕ್ಕೆ ಮೂರು ಸಲ ತಿಕ್ಕಿದ್ದೇನೆ, ಒಂದೊಂದು ಬೆರಳನ್ನೂ ಬಿಡಿಸಿ ಮಡಿಚಿದ್ದೇನೆ. ಹಾಗಾಗಿ ನಮ್ಮ ಊರಿನ ದೊಡ್ಡ ಡಾಕ್ಟರಿಗೆ ಗೊತ್ತಿಲ್ಲದ ಒಂದೆರಡು ವಿಷಯ ನನಗೆ ಗೊತ್ತಾಗಿವೆ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಡಾಕ್ಟರ ಹೆಸರು ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ. ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಾರೆ. ಅವರ ಮೋಟಾರು ದೊಡ್ಡದು, ಬಾಗಿಲ ಮೇಲಿನ ಬೋರ್ಡು ದೊಡ್ಡದು. ಮೂರನೆಯದು ಯಾವುದು ದೊಡ್ಡದೋ ನನಗಿನ್ನೂ ಕಂಡಿಲ್ಲ.

ನಮ್ಮವರದು ಆದೋನಿಯಲ್ಲಿ ಹತ್ತಿ ದಲಾಲಿ. ರೈತರು ತಂದ ಹತ್ತಿಯನ್ನು ಜಿನ್ನಿಂಗ್ ಫ್ಯಾಕ್ಟರಿಯವರಿಗೆ ಕುದುರಿಸಿ ಕೊಡುವ ಕೆಲಸ. ನಮ್ಮ ಮಾರುಕಟ್ಟೆಯಲ್ಲಿ ರೇಟನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವಲು ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರು, ಹೇಗೆ ಅಮುಕಿದರು ಎನ್ನುವುದರಲ್ಲೇ ರೇಟು ತಿಳಿಯುತ್ತದೆ. ಸುತ್ತ ಹತ್ತು ಜನ ನಿಂತಿದ್ದರೂ ಒಬ್ಬರಿಗೂ ಸುಳಿವು ಹತ್ತುವುದಿಲ್ಲ. ದಲಾಲಿಗೆ ಬಲಗೈ ಬೇಕು, ಬಿಗಿಯಾದ ಬಾಯಿಯೂ ಬೇಕು. ಟವಲಿನ ಕೆಳಗೆ ಯಾರ ಕೈ ಇತ್ತು, ಏನು ಹೇಳಿತು ಎನ್ನುವುದನ್ನು ಹೆಂಡತಿಗೂ ಹೇಳದವನೇ ಒಳ್ಳೆಯ ದಲಾಲಿ. ನಮ್ಮವರು ಎಷ್ಟು ಒಳ್ಳೆಯ ದಲಾಲಿ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಕಾರ್ತೀಕದಲ್ಲಿ ಹೊಸ ಹತ್ತಿ ಬರುವ ಹೊತ್ತಿಗೆ ಅವರಿಗೆ ಚಳಿಜ್ವರ ಬಂದಿತ್ತು. ಮೂರು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುವಂಥ ನಡುಕ. ಗುಳಿಗೆ ನುಂಗಿ ಮಲಗಿದ್ದರೆ ವಾರದಲ್ಲಿ ಇಳಿಯುತ್ತಿತ್ತು. ಆದರೆ ನಮ್ಮ ಕಡೆ ಗುಳಿಗೆ ಕೊಡುವವನನ್ನು ಡಾಕ್ಟರ್ ಎಂದು ಯಾರೂ ಒಪ್ಪುವುದಿಲ್ಲ. ಸೂಜಿ ಚುಚ್ಚಬೇಕು, ನೋಯಬೇಕು. ಆಗಲೇ ಮದ್ದು ಮೈಗೆ ಹತ್ತಿತೆಂದು ಸಮಾಧಾನ. ಮಾರುಕಟ್ಟೆ ಶುರುವಾದಾಗ ಮಲಗಿದರೆ ಹೇಗೆ ಎಂದು ಇವರೇ ದೊಡ್ಡ ಡಾಕ್ಟರ ಹತ್ತಿರ ಹೋಗಿ ಕ್ವಿನೈನ್ ಇಂಜೆಕ್ಷನ್ ಕೇಳಿ ಹಾಕಿಸಿಕೊಂಡರು. ಅದನ್ನು ಸೊಂಟಕ್ಕೆ ಹಾಕುವುದು ಕ್ರಮವಂತೆ. ಇವರು ಸ್ಟೂಲಿನ ಮೇಲೆ ಕೂತೇ ತೋಳು ಒಡ್ಡಿದರು.

ಕೈ ಬಿದ್ದ ಸಂಜೆಯೇ ಇಬ್ಬರೂ ಡಿಸ್ಪೆನ್ಸರಿಗೆ ಓಡಿದೆವು. ನಮ್ಮ ದೊಡ್ಡ ಡಾಕ್ಟರು ಧೈರ್ಯ ಹೇಳುವುದು ತೆಲುಗಿನಲ್ಲಿ, ರೋಗದ ಹೆಸರು ಹೇಳುವುದು ಇಂಗ್ಲಿಷಿನಲ್ಲಿ, ಗದರಿಸುವುದು ಕನ್ನಡದಲ್ಲಿ. ಆ ಸಂಜೆ "ಏಂ ಕಾದು, ಏಂ ಕಾದು" ಅಂದರು. ಏನೂ ಆಗುವುದಿಲ್ಲವಂತೆ. ಆಗಿಹೋದದ್ದು ಅವರ ಮೇಜಿನ ಮೇಲೆ ಜೋತು ಬಿದ್ದಿತ್ತು, ಅದನ್ನು ಮುಟ್ಟಿ ಸಹ ನೋಡಲಿಲ್ಲ. ಮದ್ದಿನ ಬಿರುಸು, ಎರಡು ದಿನದಲ್ಲಿ ಹೋಗುತ್ತದೆ ಎಂದರು.

ಎರಡು ದಿನವಾಯಿತು. ಹೋಗಲಿಲ್ಲ.

ಮೂರನೇ ದಿನ, ತೋಳಿನ ಮೇಲೆ ಮಲಗಿದ್ದಿರಾ ಎಂದು ಕೇಳಿದರು. ಐದನೇ ದಿನ ವಾತ ಎಂದರು. ಎಂಟನೇ ದಿನ ಇಂಗ್ಲಿಷಿನಲ್ಲಿ ಏನೋ ಅಂದು, ಅದಕ್ಕೆ ಶಕ್ತಿಯ ಇಂಜೆಕ್ಷನ್ ಬೇಕು ಎಂದು ಸೂಜಿ ಕುದಿಸಲು ಹೇಳಿದರು. ನಮ್ಮವರು ಎಡಗೈ ಅಂಗಿ ಮೇಲೇರಿಸಿ ತೋಳು ಒಡ್ಡಿದರು. ಒಂದು ಕೈ ತಿಂದವರಿಗೆ ಇನ್ನೊಂದನ್ನೂ ಬಡಿಸುವಂಥ ಆ ವಿನಯವನ್ನು ಕಂಡು ನನ್ನ ಮೈ ಉರಿಯಿತು. ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿ ಅಂಗಿಯ ತೋಳನ್ನು ಕೆಳಗೆಳೆದು, ನಡೀರಿ ಮನೆಗೆ ಎಂದೆ. ಡಾಕ್ಟರು ನನ್ನನ್ನು ನೋಡಿದ್ದು ಅದೇ ಮೊದಲು. ಕುರ್ಚಿ ಎದ್ದು ಮಾತಾಡಿದಂತೆ ನೋಡಿದರು.

ಆಮೇಲೆ ಅವರು ಸಿಗುವುದೇ ನಿಂತುಹೋಯಿತು. ನಾವು ಹೋದಾಗಲೆಲ್ಲ ಸ್ನಾನಕ್ಕೆ ಹೋಗಿದ್ದಾರೆ ಎಂದು ಕಂಪೌಂಡರು ಹೇಳುತ್ತಿದ್ದ. ಬೆಳಿಗ್ಗೆ ಹೋದರೂ ಸ್ನಾನ, ಮಧ್ಯಾಹ್ನ ಹೋದರೂ ಸ್ನಾನ. ಅಷ್ಟು ಮಡಿವಂತರು ಇಡೀ ಕರ್ನೂಲು ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಕೈಗೊಂದು ಕೆಂಪು ಟಾನಿಕ್ಕಿನ ಬಾಟಲಿ ಕೊಟ್ಟು ಕಂಪೌಂಡರು ಕಳಿಸುತ್ತಿದ್ದ. ಅದನ್ನು ನಾನು ತುಳಸಿಗೂ ಹಾಕಲಿಲ್ಲ, ಗಿಡ ಸತ್ತರೆ ಪಾಪ ಎಂದು.

ಮನೆಯಲ್ಲಿ ಎಲ್ಲವೂ ತಿರುವುಮುರುವಾಯಿತು. ಅಂಗಿಯ ಗುಂಡಿ ನಾನು ಹಾಕಬೇಕು. ಧೋತರದ ಕಚ್ಚೆ ನಾನು ಸಿಕ್ಕಿಸಬೇಕು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವರು, ಪತ್ರಿ ಏರಿಸುವ ಕೈ ತೊಡೆಯ ಮೇಲೆ ಬಿದ್ದಿರುವುದು. ಮೂರು ಬೆರಳಿನ ವಿಭೂತಿಯನ್ನು ಅವರ ಹಣೆಗೆ ನಾನೇ ಎಳೆಯುತ್ತಿದ್ದೆ. ಊಟಕ್ಕೆ ಎಡಗೈ ಹಚ್ಚಲು ಅವರಿಗೆ ಮನಸ್ಸಾಗಲಿಲ್ಲ. ಒಳಮನೆಯ ಬಾಗಿಲು ಮುಂದೆ ಮಾಡಿ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ನಲವತ್ತೆರಡು ವರ್ಷದ ಗಂಡಸು. ತುತ್ತು ನುಂಗುವಾಗ ಗೋಡೆ ನೋಡುತ್ತಿದ್ದರು. ಆಗೆಲ್ಲ ನನಗೆ ಅಳು ಬರಬೇಕಿತ್ತು. ಬಂದದ್ದು ಬರೀ ಸಿಟ್ಟು.

ಮಾರುಕಟ್ಟೆಗೆ ಹೋಗುವುದನ್ನು ಬಿಡಲಿಲ್ಲ. ಮೊದಲ ದಿನ ಖರೀದಿಯವನು ಎಂದಿನಂತೆ ಟವಲು ಹೊದಿಸಿದನಂತೆ. ಒಳಗೆ ಇವರ ಬೆರಳು ಹಿಡಿದರೆ ಅವು ಮುದುರಿಕೊಂಡೇ ಇದ್ದವು. ಒಂದೋ ಎರಡೋ ಐದೋ ತಿಳಿಯದು. ಇವರು ಎಡಗೈ ಮುಂದಿಟ್ಟರು. ಆ ಮನುಷ್ಯ ಎಡಗೈ ಮುಟ್ಟದೆ ಎದ್ದು ನಿಂತ. ಯಾರೂ ಬೈಯಲಿಲ್ಲ, ನಗಲಿಲ್ಲ. ಟವಲನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ದಲಾಲಿಯ ಹತ್ತಿರ ಹೋದ. ಇದನ್ನು ನನಗೆ ಹೇಳಿದ್ದೂ ಎಷ್ಟೋ ದಿನದ ಮೇಲೆ.

ನನಗೆ ಅರ್ಥವಾಗದಿದ್ದದ್ದು ಬೇರೆ. ಕೊತ್ತಂಬರಿ ಕಟ್ಟಿಗೂ ಅರ್ಧ ತಾಸು ಚೌಕಾಸಿ ಮಾಡುವ ಈ ಮನುಷ್ಯ, ಡಾಕ್ಟರಿಗೆ ಒಂದೇ ಒಂದು ಪ್ರಶ್ನೆ ಕೇಳಲು ಒಲ್ಲೆ ಎನ್ನುತ್ತಿದ್ದರು. ನಾನು ಡಾಕ್ಟರ ಸುದ್ದಿ ಎತ್ತಿದರೆ ಸುಮ್ಮನಿರು ಎನ್ನುತ್ತಿದ್ದರು. ನಮ್ಮ ಅತ್ತೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಹಿಂದೊಮ್ಮೆ ವಿಷಮಶೀತ ಜ್ವರದಲ್ಲಿ ಆ ಡಾಕ್ಟರು ತನ್ನನ್ನು ಉಳಿಸಿದ್ದಾರೆ, ಅಂಥ ಕೈಗುಣ ಇನ್ನಾರಿಗೂ ಇಲ್ಲ ಎಂದು ಆಕೆಯ ನಂಬಿಕೆ. ಮಗನ ಕೈಗೆ ವಾತ ಬಡಿದಿದೆ ಎಂದು ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಸಂಕ್ರಾಂತಿಗೆ ಅದೇ ಮಗನ ಎಡಗೈಯಲ್ಲಿ ಡಾಕ್ಟರ ಮನೆಗೆ ಎಳ್ಳುಹೋಳಿಗೆಯ ಡಬ್ಬಿ ಕಳಿಸಿದರು. ಹೋಳಿಗೆ ಬೇಯಿಸಿದವಳು ನಾನೇ. ನನ್ನ ಬಗ್ಗೆಯೂ ನನಗೇನು ಗೌರವ ಉಳಿಯಬೇಕು?

ಸಂಕ್ರಾಂತಿಯ ಮಾರನೇ ವಾರ ಹಠ ಹಿಡಿದು ಅವರನ್ನು ಬಳ್ಳಾರಿಗೆ ಕರೆದೊಯ್ದೆ. ಅದು ನನ್ನ ತವರು. ರಾಜ್ಯ ಬೇರೆಯಾದ ಮೇಲೂ ಬಸ್ಸು ಅದೇ, ಧೂಳೂ ಅದೇ. ಅಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಇದ್ದರು. ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಎರಡೂವರೆ ತಿಂಗಳಲ್ಲಿ ಡಾಕ್ಟರ್ ಎನ್ನಿಸಿಕೊಂಡವರು ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು. ಪಿನ್ನಿನಿಂದ ಅಲ್ಲಲ್ಲಿ ಚುಚ್ಚಿ ಕೇಳಿದರು. ತೋಳಿನ ಹಿಂಬದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಗುರುತು ಇತ್ತು. ಅದರ ಮೇಲೆ ಬೆರಳಿಟ್ಟು, ಇದರ ಕೆಳಗೇ ಮಣಿಕಟ್ಟು ಎತ್ತುವ ನರ, ರೇಡಿಯಲ್ ನರ್ವ್, ಹೋಗುತ್ತದೆ, ಸೂಜಿ ಅದಕ್ಕೇ ಬಿದ್ದಿದೆ, ಇದಕ್ಕೆ ರಿಸ್ಟ್ ಡ್ರಾಪ್ ಎನ್ನುತ್ತಾರೆ ಎಂದರು.

ವಾತವಲ್ಲ. ಮಲಗಿದ್ದಲ್ಲ. ಸೂಜಿ.

ಇಂಜೆಕ್ಷನ್ ಹಾಕುವಾಗ ತೋಳನ್ನು ಹೇಗೆ ಹಿಡಿದಿದ್ದರು ಎಂದು ಆಕೆ ಕೇಳಿದರು. ಒಂದು ಕೈಯಿಂದ ಮಾಂಸ ಹಿಡಿದು ಇನ್ನೊಂದರಿಂದ ಚುಚ್ಚಿದ್ದರೆ ಅಷ್ಟು ಕೆಳಗೆ, ಅಷ್ಟು ಹಿಂದೆ ಹೋಗುವುದಿಲ್ಲವಂತೆ.

"ನೆನಪಿಲ್ರಿ" ಅಂದರು ನಮ್ಮವರು.

ಡಾಕ್ಟರಮ್ಮ ಅವರ ಮುಖವನ್ನೊಮ್ಮೆ ನೋಡಿದರು. ಮಣಿಕಟ್ಟು ಮೇಲೆತ್ತಿ ನಿಲ್ಲಿಸಲು ಚರ್ಮದ ಪಟ್ಟಿಯ ಒಂದು ಸ್ಪ್ಲಿಂಟ್ ಮಾಡಿಸಿಕೊಟ್ಟರು. ದಿನವೂ ಹೇಗೆ ತಿಕ್ಕಬೇಕು, ಬೆರಳನ್ನು ಹೇಗೆ ಆಡಿಸಬೇಕು ಎಂದು ನನ್ನ ಕೈ ಹಿಡಿದು ಕಲಿಸಿದರು. ನರ ಕಡಿದಿಲ್ಲದಿದ್ದರೆ ಮೊದಲು ಮಣಿಕಟ್ಟು ಏಳುತ್ತದೆ, ಆಮೇಲೆ ಬೆರಳು, ಹೆಬ್ಬೆರಳು ಎಲ್ಲಕ್ಕಿಂತ ಕಡೆಗೆ. ಏಳದೆಯೂ ಇರಬಹುದು. ಖಾತ್ರಿ ಕೊಡಲಾರೆ ಎಂದರು. ಖಾತ್ರಿ ಕೊಡದ ಡಾಕ್ಟರನ್ನು ನಾನು ನಂಬಿದ್ದು ಅದೇ ಮೊದಲು.

ವಾಪಸು ಬರುವಾಗ ಹಗರಿ ಹೊಳೆಯ ದಂಡೆಯಲ್ಲಿ ಬಸ್ಸಿನ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದರು. ಜನರೆಲ್ಲ ಇಳಿದರು. ನಾವಿಬ್ಬರೇ ಕೂತಿದ್ದೆವು. ನೆನಪಿಲ್ಲ ಅಂದದ್ದು ಸುಳ್ಳಲ್ಲವೇ ಎಂದು ಕೇಳಿದೆ. ಹೊಳೆಯ ಮರಳು ನೋಡುತ್ತಲೇ ಹೇಳಿದರು.

ದೊಡ್ಡ ಡಾಕ್ಟರು ಎರಡು ವರ್ಷದಿಂದ ನಮ್ಮವರ ಮೂಲಕ ಹತ್ತಿ ಕೊಂಡು ಹಿಡಿದಿಡುತ್ತಿದ್ದರಂತೆ, ಇನ್ನಾರದೋ ಹೆಸರಿನಲ್ಲಿ. ಅಂದು ಇವರು ಸ್ಟೂಲಿನ ಮೇಲೆ ಕೂತಾಗ ಡಾಕ್ಟರಿಗೆ ಆ ದಿನದ ರೇಟು ತಿಳಿಯಬೇಕಿತ್ತು. ಕಂಪೌಂಡರು ಅಲ್ಲೇ ಇದ್ದ, ಬಾಗಿಲ ತನಕ ಜನ ಇದ್ದರು. ಬಾಯಿ ಬಿಡುವಂತಿರಲಿಲ್ಲ. ಡಾಕ್ಟರು ಇವರ ಹೆಗಲ ಮೇಲಿನ ಟವಲನ್ನು ಎಳೆದು ಇವರ ಮಡಿಲ ಮೇಲೆ ಹಾಕಿದರು. ಬಲಗೈಯಲ್ಲಿ ಸೂಜಿ. ಎಡಗೈ ಟವಲಿನ ಕೆಳಗೆ ಇವರ ಎಡಗೈಯ ಬೆರಳು ಹಿಡಿದಿತ್ತು. ಇವರು ರೇಟು ಹೇಳಿದರು. ಡಾಕ್ಟರು ಒಂದು ಬೆರಳು ಕಡಿಮೆ ಮಾಡಿದರು. ಇವರು ಇಲ್ಲವೆಂದು ಅಮುಕಿದರು. ಅದೇ ಗಳಿಗೆಯಲ್ಲಿ ಸೂಜಿ ಹೋಯಿತು. ಹೆಗಲಿನಿಂದ ಬೆರಳ ತುದಿಯವರೆಗೆ ಮಿಂಚು ಹೊಡೆದಂತಾಯಿತಂತೆ. ಆದರೂ ಇವರು ಕೂಗಲಿಲ್ಲ. ಕೂಗಿದರೆ ಎಲ್ಲರೂ ತಿರುಗಿ ಟವಲು ನೋಡುತ್ತಿದ್ದರು.

ನಾನು ನಕ್ಕೆ. ಎರಡೂವರೆ ತಿಂಗಳ ಮೇಲೆ ಮೊದಲ ಸಲ ನಕ್ಕದ್ದು, ಹೊಟ್ಟೆ ಹಿಡಿದುಕೊಂಡು. ಹೊರಗಿದ್ದ ಜನ ಕಿಟಕಿಯೊಳಗೆ ಇಣುಕಿದರು. ಒಬ್ಬ ಓದಿದ ಮುಠ್ಠಾಳ ಸೂಜಿ ಹಿಡಿದು ಚೌಕಾಸಿ ಮಾಡುತ್ತಾನೆ. ಇನ್ನೊಬ್ಬ ತನ್ನ ಕೈ ಸಾಯುವಾಗಲೂ ಗಿರಾಕಿಯ ಗುಟ್ಟು ಕಾಪಾಡುತ್ತಾನೆ. ಇವರಿಬ್ಬರನ್ನೂ ಊರು ದೊಡ್ಡವರೆನ್ನುತ್ತದೆ.

"ಹೇಳಿದ್ರ ನನ್ನ ಕೈ ಮ್ಯಾಲೆ ಇನ್ನ ಯಾರೂ ಟವಲ್ ಹಾಕ್ತಿರಲಿಲ್ಲ" ಅಂದರು ಅವರು.

"ಈಗೇನು ಸಾಲುಗಟ್ಟಿ ಹಾಕ್ತಾರೇನ್ರಿ?" ಅಂದೆ. ಅಂದ ಮೇಲೆ ಹಾಗೆ ಅನ್ನಬಾರದಿತ್ತು ಎನ್ನಿಸಿತು.

ಮರುದಿನ ಅವರಿಗೆ ಹೇಳದೆ ಡಿಸ್ಪೆನ್ಸರಿಗೆ ಹೋದೆ. ಸ್ನಾನ ಮುಗಿಯುವವರೆಗೆ ಕೂತಿರುತ್ತೇನೆ ಎಂದು ಕಂಪೌಂಡರಿಗೆ ಹೇಳಿ ಬೆಂಚಿನ ಮೇಲೆ ಕೂತೆ. ಡಾಕ್ಟರು ಒಣ ತಲೆಯಲ್ಲೇ ಹೊರಬಂದರು. ನಾನು ಹೆಚ್ಚೇನೂ ಕೇಳಲಿಲ್ಲ. ಪೊಲೀಸು, ಕೋರ್ಟು, ಪರಿಹಾರ, ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಇದು ನನ್ನಿಂದ ಆಯಿತು ಎಂದು ನಮ್ಮವರ ಮುಖ ನೋಡಿ ಒಂದು ಮಾತು ಹೇಳಿ ಎಂದೆ. ನನಗೆ ಬೇಕಾದದ್ದು ಅಷ್ಟೇ. ಗಂಡ ತನ್ನ ಮೈಯೇ ತನಗೆ ಮೋಸ ಮಾಡಿದೆ ಎನ್ನುವಂತೆ ತಲೆ ತಗ್ಗಿಸಿ ತುತ್ತು ನುಂಗುವುದನ್ನು ಇನ್ನು ನೋಡಲಾರದವಳಾಗಿದ್ದೆ.

"ನಿನ್ನ ಗಂಡನೇ ಕೈ ಅಲ್ಲಾಡ್ಸ್ಯಾನ" ಅಂದರು ಡಾಕ್ಟರು, ಕನ್ನಡದಲ್ಲಿ. "ಊರಿಗೆಲ್ಲ ಹೇಳ್ತೀಯೇನು, ಹೇಳು. ಯಾರ ಬಾಗ್ಲು ಮುಚ್ಚತೈತಿ ನೋಡೋಣು."

ಬಾಗಿಲ ಹೊರಗೆ ಸಾಲಿನಲ್ಲಿ ಮೂವತ್ತು ಜನ ಕೂತಿದ್ದರು. ನಂದವರಂನಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು. ಎಲ್ಲರೂ ಅಂಗಿಯ ತೋಳು ಮೇಲೇರಿಸಿಕೊಂಡೇ ಕೂತಿದ್ದರು. ಅವರ ಬಾಗಿಲು ಮುಚ್ಚುವುದಿಲ್ಲ, ಅದು ನಿಜ. ಆ ಮನುಷ್ಯ ನನಗೆ ಹೇಳಿದ ಒಂದೇ ನಿಜ ಅದು.

ಹೊರಗೆ ಬಂದೆ. ಯಾರಿಗೂ ಹೇಳಲಿಲ್ಲ. ನಾನೂ ದಲಾಲಿಯ ಹೆಂಡತಿಯೇ.

ಉಳಿದದ್ದು ತಿಕ್ಕುವ ಕೆಲಸ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ. ಹರಳೆಣ್ಣೆ ಬಿಸಿ ಮಾಡಿ ಮೊಣಕೈಯಿಂದ ಬೆರಳ ತುದಿಯವರೆಗೆ. ಮೊದಮೊದಲು ಬೈಯುತ್ತಾ ತಿಕ್ಕುತ್ತಿದ್ದೆ. ಡಾಕ್ಟರನ್ನು ಬೈದು ಮುಗಿದ ಮೇಲೆ ಇವರನ್ನು, ಇವರದು ಮುಗಿದ ಮೇಲೆ ಹತ್ತಿಯನ್ನು. ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಬೈಗುಳ ಮುಗಿದು ಸುಮ್ಮನಾದೆ. ಏನಾಯಿತು, ಇವತ್ತು ಇಷ್ಟಕ್ಕೇ ನಿಲ್ಲಿಸಿದೆ ಎಂದು ಕೇಳಿದರು. ಅಂದು ಇಬ್ಬರೂ ನಕ್ಕೆವು.

ಶಿವರಾತ್ರಿ ಕಳೆದು ಎಂಟು ದಿನಕ್ಕೆ ಸ್ಪ್ಲಿಂಟ್ ಬಿಚ್ಚಿ ಎಣ್ಣೆ ಹಚ್ಚುವಾಗ ಮಣಿಕಟ್ಟು ನನ್ನ ಅಂಗೈಯಿಂದ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತು.

ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಬಿದ್ದೀತು ಎಂದು.

ಯುಗಾದಿಯ ಹೊತ್ತಿಗೆ ಮಣಿಕಟ್ಟು ನೆಟ್ಟಗೆ ನಿಂತಿತು, ಬೆರಳುಗಳು ಅರ್ಧ ಬಿಡಿಸಿಕೊಂಡವು. ತುತ್ತು ತಾವೇ ಎತ್ತತೊಡಗಿದರು. ಹೆಬ್ಬೆರಳು ಮಾತ್ರ ಅಂಗೈಗೆ ಅಂಟಿಕೊಂಡೇ ಇತ್ತು. ಹತ್ತಿಯ ಕಾಲವೂ ಮುಗಿದಿತ್ತು. ಮುಂದಿನ ಕಾರ್ತೀಕದ ಮಾತನ್ನು ನಾವು ಆಡುತ್ತಿರಲಿಲ್ಲ.

ಚೈತ್ರದ ಕೊನೆಗೆ ಅತ್ತೆಗೆ ಚಳಿಜ್ವರ ಬಂತು. ಸರ್ಕಾರಿ ಆಸ್ಪತ್ರೆಗೆ ಹೋಗೋಣವೆಂದರೆ ಮುದುಕಿ ಕೇಳಲಿಲ್ಲ. ಅದೇ ಕೈಗುಣ ಬೇಕು. ಎರಡು ದಿನ ನೀರು ಬಿಟ್ಟು ಏನೂ ಬಾಯಿಗೆ ಹಾಕಲಿಲ್ಲ. ಮೂರನೇ ಮಧ್ಯಾಹ್ನ ನಾನೇ ಹೋಗಿ ದೊಡ್ಡ ಡಾಕ್ಟರನ್ನು ಮನೆಗೆ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆ. ಅವರು ಮೋಟಾರಿನಲ್ಲಿ ಮುಂದೆ ಕೂತಿದ್ದರು, ನಾನು ಹಿಂದೆ.

ಗುಳಿಗೆ ಸಾಕು ಎಂದರು ಡಾಕ್ಟರು. ಅವರ ಬಾಯಿಂದ ಆ ಮಾತು ಅದುವರೆಗೆ ಯಾರೂ ಕೇಳಿರಲಿಲ್ಲ. ಅತ್ತೆ ಒಪ್ಪಲಿಲ್ಲ, ಸೂಜಿಯೇ ಆಗಬೇಕು ಎಂದರು. ಕುದಿಯುವ ನೀರಿನಿಂದ ಸೂಜಿ ಹೊರಬಂತು. ನಮ್ಮವರು ಮಂಚದ ಕಾಲಿನ ಹತ್ತಿರ ನಿಂತಿದ್ದರು. ಮುದುಕಿ ಸೊಂಟ ತೋರಿಸಲು ಸುತರಾಂ ಒಲ್ಲೆ ಎಂದು ತೋಳು ಒಡ್ಡಿತು.

"ಎರಡೂ ಕೈ ಇಲ್ಲೇ ಇರ್ಲಿ" ಅಂದೆ ನಾನು.

ಡಾಕ್ಟರ ಕುತ್ತಿಗೆ ಕೆಂಪಾಯಿತು. ಎಡಗೈಯಿಂದ ಅತ್ತೆಯ ತೋಳಿನ ಮಾಂಸವನ್ನು ಬಿಗಿಯಾಗಿ ಹಿಡಿದರು. ಮೇಲ್ಭಾಗದಲ್ಲಿ, ಹೊರಬದಿಗೆ, ನಿಧಾನವಾಗಿ ಹಾಕಿದರು. ಹಾಕಿದ ಮೇಲೆ ಎದ್ದು ಹೋಗಲಿಲ್ಲ. ಮಣಿಕಟ್ಟು ಎತ್ತಿಸಿದರು. ಒಂದೊಂದೇ ಬೆರಳು ಎತ್ತಿಸಿದರು. ಹೆಬ್ಬೆರಳನ್ನು ಎರಡು ಸಲ. ಇಷ್ಟೆಲ್ಲ ಡಾಕ್ಟರಿಗೆ ಮೊದಲೇ ಬರುತ್ತಿತ್ತು. ಆ ಕ್ಷಣ ಆ ಮನುಷ್ಯನನ್ನು ನಾನು ಎಂದಿಗಿಂತ ಹೆಚ್ಚು ತಿರಸ್ಕರಿಸಿದೆ.

ಆಮೇಲೆ ಅವರು ನಮ್ಮವರ ಕಡೆ ತಿರುಗಿ ಕೈ ತೋರಿಸಲು ಹೇಳಿದರು. ನಮ್ಮವರು ಚಾಚಿದರು. ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಬ್ಬೆರಳು ಎತ್ತಿ ಎಂದರು. ಅದು ಅಲ್ಲೇ ಇತ್ತು. ಇನ್ನೊಮ್ಮೆ ಎತ್ತಲು ಹೇಳಿದರು. ಹಣೆಯಲ್ಲಿ ಬೆವರು ಮೂಡಿತು, ಇಬ್ಬರದೂ.

"ಆವತ್ತು ನನ್ನ ಕೈ..." ಅಂದರು ಡಾಕ್ಟರು.

"ಇರ್ಲಿ ಬಿಡ್ರಿ ಡಾಕ್ಟರೇ, ಆಗಿದ್ದಾತು" ಅಂದರು ನಮ್ಮವರು, ಅವಸರದಲ್ಲಿ. ತಪ್ಪು ತಮ್ಮದೇ ಎನ್ನುವಂತೆ.

ಆರು ತಿಂಗಳು ನಾನು ಕಾದ ಮಾತು ಅದು. ಅದನ್ನು ನಡುವೆಯೇ ಕತ್ತರಿಸಲು ಹೊರಟಿದ್ದರು ಈ ಪುಣ್ಯಾತ್ಮ.

"ನೀವು ಸುಮ್ಕಿರ್ರಿ" ಅಂದೆ. "ಅವ್ರು ಪೂರ್ತಿ ಹೇಳ್ಲಿ."

ಡಾಕ್ಟರು ನನ್ನನ್ನು ನೋಡಲಿಲ್ಲ. ಕೈಯನ್ನು ಬಿಡಲೂ ಇಲ್ಲ.

"ಆವತ್ತು ನನ್ನ ಕೈ ನಿಮ್ಮ ತೋಳಿನ ಮ್ಯಾಲೆ ಇರಬೇಕಾಗಿತ್ತು. ಇರಲಿಲ್ಲ. ನನ್ನಿಂದ ಆತು ಇದು."

ತೆಲುಗಿಲ್ಲ, ಇಂಗ್ಲಿಷಿಲ್ಲ. ಅತ್ತೆ ಮಲಗಿದ್ದಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದನ್ನು ಮೂವರೂ ಮರೆತಿದ್ದೆವು.

"ಮತ್ತೆಲ್ಲಿತ್ರಿ ನಿಮ್ಮ ಕೈ?" ಅಂದಿತು ಮುದುಕಿ.

ಡಾಕ್ಟರು ಹಿಡಿದ ಕೈ ಬಿಟ್ಟರು. ಮದುವೆಯಾದಂದಿನಿಂದ ಒಬ್ಬ ಗಿರಾಕಿಯ ಹೆಸರನ್ನೂ ಮನೆಯೊಳಗೆ ತರದ ನಮ್ಮವರು ತಾಯಿಯ ಕಡೆ ನೋಡಿದರು.

"ನನ್ನ ಕೈಯಾಗಿತ್ತವ್ವ" ಅಂದರು. "ರೇಟು ಕೇಳಾಕ ಹತ್ತಿದ್ರು. ನಾನೂ ಹೇಳಾಕ ಹತ್ತಿದ್ದೆ."

ಅತ್ತೆ ಮಗನ ಹೆಬ್ಬೆರಳನ್ನು ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು.

ಡಾಕ್ಟರು ಚೀಲ ಮುಚ್ಚಿ ಎದ್ದು ಕೈ ತೊಳೆಯಲು ಹಿತ್ತಲ ಬಾಗಿಲ ಬಳಿ ಹೋಗಿ ನಿಂತರು. ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋಗಿ ಅವರ ಕೈ ಮೇಲೆ ಹಾಕಿದೆ.